ಡಿಶ್ ನೋಡುತ್ತಿದ್ದ ದಿಕ್ಕು

ಗೋಡೆ ಏಳುವ ಮುಂಚೆಯೇ ಅದರ ಮೇಲೆ ಸಿಟ್ಟು ಮಾಡಬೇಕೆಂದು ನಮಗೆ ಯಾರೂ ಹೇಳಲಿಲ್ಲ. ನಾವಾದರೋ ಅದಕ್ಕೆ ಆರತಿ ಎತ್ತಿದೆವು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ರುದ್ರಮುನಿಯವರು ನಮ್ಮೂರಿನಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಿಸಲು ಪಾಯದ ಪೂಜೆ ಮಾಡಿದ ದಿನ, ಮೊದಲ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದವಳು ನನ್ನ ಅಕ್ಕ ರೇಣುಕವ್ವ. ಯಾಕೆಂದರೆ ಆ ಜಾಗ ಅವಳ ಮನೆ ಮುಂದಿನ ಕಣವಾಗಿತ್ತು. ಕಣ ಕೊಟ್ಟು, ಅದಕ್ಕೆ ಬದಲಾಗಿ ಕೆರೆಯ ಕೆಳಗಿನ ಹೊಲ ತೆಗೆದುಕೊಂಡಿದ್ದ ಅವಳ ಗಂಡ ಉಡಚಪ್ಪ ಊರಿಗೆಲ್ಲ ಪೇಡೆ ಹಂಚಿದ್ದ.

"ನೀರಾವರಿ ಹೊಲ ಬಂತು, ಮ್ಯಾಲ ಮನಿ ಮುಂದ ಹೆಣ್ಮಕ್ಕಳಿಗೆ ಕೆಲಸಾನೂ ಬಂತು. ಮತ್ತೇನ ಬೇಕವಾ ನೀಲಾ?" ಎಂದು ನನ್ನನ್ನು ಕೇಳಿದ್ದ.

ಏನೂ ಬೇಡವೆಂದು ನಾನೂ ಪೇಡೆ ಬಾಯಿಗೆ ಹಾಕಿಕೊಂಡಿದ್ದೆ. ಆ ಕಣದ ಮೇಲಿನ ಬಯಲಿನಲ್ಲಿ ದಿನಾ ಸಂಜೆ ನಮ್ಮಕ್ಕನ ಮಾತು ಹಾದುಹೋಗುತ್ತದೆ ಎನ್ನುವುದು ಅಲ್ಲಿ ಕೂತ ಒಬ್ಬರ ತಲೆಗೂ ಹೊಳೆಯಲಿಲ್ಲ.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಹೊರಗಿನವರು ಯಾರೂ ಮಾಡಿಕೊಳ್ಳುವುದಿಲ್ಲವೆಂದು ನಮ್ಮವ್ವ ಅವಳನ್ನು ತನ್ನ ತಮ್ಮನಿಗೇ ಕೊಟ್ಟಳು. ಆ ತಮ್ಮನೇ ಉಡಚಪ್ಪ ಮಾವ. ಒಳ್ಳೆಯ ಮನುಷ್ಯ, ಆದರೆ ಅವನಿಗೆ ಸನ್ನೆ ಬರುವುದು ಊಟ, ನೀರು, ಎಮ್ಮೆ ಇಷ್ಟಕ್ಕೇ. ಅವರಿಗೆ ಹುಟ್ಟಿದ ಒಬ್ಬಳೇ ಮಗಳು ಅಂಜಲಿಗೂ ಕಿವಿ ಕೇಳಲಿಲ್ಲ. ಊರಿನವರು ಅಯ್ಯೋ ಪಾಪ ಎಂದರು. ಅಕ್ಕ ಮಾತ್ರ ಅಂದಿನಿಂದ ನಗತೊಡಗಿದಳು. ಮಾತಾಡಲು ಜೊತೆ ಸಿಕ್ಕಿತಲ್ಲ! ತಾಯಿ ಮಗಳು ಸೇರಿ ಯಾವ ಶಾಲೆಯಲ್ಲೂ ಕಲಿಸದ ಒಂದು ಕೈಭಾಷೆ ಕಟ್ಟಿಕೊಂಡರು. ಎರಡು ಬೆರಳಿನಲ್ಲಿ ಕತ್ತರಿ ಆಡಿಸಿದರೆ ನಾನು, ಯಾಕೆಂದರೆ ನಾನು ಪಕ್ಕದ ಮನೆಯಲ್ಲಿ ಕೂತು ಊರಿನವರ ಜಂಪರು ಹೊಲಿಯುವವಳು. ಎರಡೂ ಮುಷ್ಟಿ ಹಿಡಿದು ಸ್ಟೇರಿಂಗ್ ತಿರುಗಿಸಿದರೆ ಬಸ್ಸು. ಕೈಯನ್ನು ಕನ್ನಡಿಯ ಹಾಗೆ ಮುಖದ ಮುಂದೆ ಹಿಡಿದರೆ ಫೋನು. ಆ ಭಾಷೆ ಪೂರ್ತಿ ತಿಳಿದಿರುವುದು ಭೂಮಿಯ ಮೇಲೆ ಮೂವರಿಗೆ, ಮೂರನೆಯವಳು ನಾನು.

ಅಂಜಲಿಯನ್ನು ಗುತ್ತಲಕ್ಕೆ ಕೊಟ್ಟೆವು. ಅಳಿಯ ಮಾಂತೇಶನಿಗೆ ಅಲ್ಲಿ ಗೊಬ್ಬರದ ಅಂಗಡಿ. ಅವನಿಗೂ ಅವನ ತಾಯಿ ಕರೆವ್ವನಿಗೂ ಮಾತು ಬರುತ್ತದೆ, ಕಿವಿ ಕೇಳುತ್ತದೆ. ಕೆಟ್ಟವರೂ ಅಲ್ಲ. ಆದರೆ ಆ ಮನೆಯಲ್ಲಿ ಅಂಜಲಿಯ ಕೈಗಳಿಗೆ ರೊಟ್ಟಿ ಬಡಿಯುವ ಕೆಲಸ ಬಿಟ್ಟು ಬೇರೇನೂ ಉಳಿಯಲಿಲ್ಲ. ಮೊದಲ ಸಲ ತವರಿಗೆ ಬಂದಾಗ ಸೊರಗಿಹೋಗಿದ್ದಳು. ಇಡೀ ದಿನ ತಾಯಿಯ ಎದುರು ಕೂತು ಕೈ ಬೀಸಿ ಬೀಸಿ ಹೇಳಿದ್ದೇ ಹೇಳಿದ್ದು.

ಅವಳು ತಿರುಗಿ ಹೋದ ಮೇಲೆ ನಾನೇ ಇಂಟರ್ನೆಟ್ಟಿನ ಬೆನ್ನು ಬಿದ್ದೆ. ನಮ್ಮೂರು ಕಾಗಿನೆಲೆ ರಸ್ತೆಯಿಂದ ಒಳಗೆ, ಗುಡ್ಡದ ಮರೆಯ ತಗ್ಗಿನಲ್ಲಿದೆ. ಮೊಬೈಲಿನಲ್ಲಿ ಹಲೋ ಎಂದರೆ ಕೇಳುತ್ತದೆ, ಚಿತ್ರ ಬರುವುದಿಲ್ಲ. ಹಲೋ ತೆಗೆದುಕೊಂಡು ನಮ್ಮಕ್ಕ ಏನು ಮಾಡಬೇಕು? ರಾಣೆಬೆನ್ನೂರಿನ ಒಂದು ಕಂಪನಿಯವರು ಹಳ್ಳಿಗಳ ಮನೆ ಮೇಲೆ ಡಿಶ್ ಕೂಡಿಸುತ್ತಾರೆಂದು ಕೇಳಿ ಫೋನು ಹಚ್ಚಿದೆ. ಅವರ ಕಡೆಯಿಂದ ಬಂದವನು ಮಧು ಎಂಬ ಎಂಜಿನಿಯರ್. ಬೈಕಿನಿಂದ ಇಳಿಯುವ ಮೊದಲೇ ಮಾತು ಸುರು ಮಾಡುವ ಜಾತಿ.

"ನೋಡ್ರಿ ನೀಲಕ್ಕಾರ, ವೈಫೈ ಅಂದ್ರ ಮನ್ಯಾಗಿನ ಬಲ್ಬ್ ಇದ್ದಂಗ. ಸುತ್ತಲೂ ಬೆಳಕ, ಆದ್ರ ಅಂಗಳ ದಾಟಿದ್ರ ಮುಗೀತು. ಮಾಳಗಿ ಮ್ಯಾಲಿನ ಡಿಶ್ ಐತೆಲ್ಲ, ಅದು ಬ್ಯಾಟ್ರಿ. ಒಂದ ಕಡೆ ಬಿಟ್ರ ಭಾಳ ದೂರ ಹೋಗತೈತಿ. ಬ್ಯಾಡಗ್ಯಾಗ ನಮ್ಮ ಟವರ್ ಐತಿ, ಅದು ಇದಕ್ಕ ಕಾಣಬೇಕು, ಅಷ್ಟ."

"ಮತ್ತ ಮೊಬೈಲಿಂದು?" ಎಂದೆ.

"ಅದು ದಾಸೋಹದ ಸಾರು ಬಿಡ್ರಿ. ಊರೂರಿಗೆ ಹಂಚಬೇಕು. ನಿಮ್ಮೂರ ತನಕ ಬರೂದ್ರಾಗ ತಿಳಿನೀರು."

ಡಿಶ್ ಬ್ಯಾಡಗಿಯ ಕಡೆ ಮುಖ ಮಾಡಿ ನಿಂತಿತು. ಅಲ್ಲಿಂದ ವೈರು ಕೆಳಗಿಳಿದು ಪಡಸಾಲೆಯ ಗೂಡಿನಲ್ಲಿಟ್ಟ ವೈಫೈ ಡಬ್ಬಿಗೆ ಬಂತು. ದೂರದ್ದು ಮಾಳಿಗೆ ಮೇಲೆ, ಹತ್ತಿರದ್ದು ಮನೆಯೊಳಗೆ, ಎರಡೂ ಕೈ ಹಿಡಿದುಕೊಂಡ ಮೇಲೆ ಅಂಜಲಿ ಫೋನಿನಲ್ಲಿ ಬಂದು ಕೂತಳು. ಅಕ್ಕ ಹೆದರಿ ಹಿಂದಕ್ಕೆ ಸರಿದಳು. ಆಮೇಲೆ ಮಗಳ ಮುಖವನ್ನು ಬೆರಳಿನಿಂದ ಸವರಿದಳು, ಚಿತ್ರ ಎತ್ತಲೋ ಜಾರಿ ಹೋಯಿತು, ನನ್ನನ್ನು ಬೈದಳು.

ಅಂದಿನಿಂದ ಸಂಜೆ ಎಂದರೆ ಅದೇ. ಎಮ್ಮೆಗೆ ಹುಲ್ಲು ಹಾಕಿ, ಮುಖ ತೊಳೆದು, ತಲೆ ಬಾಚಿ, ಫೋನನ್ನು ಕಾಳು ಅಳೆಯುವ ಸೇರಿಗೆ ಆನಿಸಿಟ್ಟು ಅಕ್ಕ ಕಂಬದ ಪಕ್ಕ ಕೂರುವಳು. ತಾಯಿ ಮಗಳು ಜಗಳಕ್ಕೆ ಬಿದ್ದರೆ ಅಕ್ಕನ ಬಳೆಯ ಸದ್ದಿಗೆ ನನ್ನ ಹೊಲಿಗೆ ಮಷಿನ್ನಿನ ಸದ್ದು ಮುಚ್ಚಿಹೋಗುತ್ತಿತ್ತು. ಅಂಜಲಿ ಬಸುರಿಯಾದ ಸುದ್ದಿ ಗುತ್ತಲದ ಮನೆಯವರಿಗಿಂತ ಮೊದಲು ನಮ್ಮ ಪಡಸಾಲೆಗೆ ಬಂತು. ಅಕ್ಕ ನಮ್ಮಿಬ್ಬರ ಮನೆಯ ನಡುಗೋಡೆಗೆ ಒನಕೆಯಿಂದ ಗುದ್ದಿ ನನ್ನನ್ನು ಕರೆದಳು. ಓಡಿಹೋದರೆ ಅತ್ತ ಅಂಜಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಇತ್ತ ಇವಳು ಕುಣಿಯುತ್ತಿದ್ದಳು. ನನಗೆ ಅಳು ಬಂತು.

ಒಂದು ಸಂಗತಿ ನಡೆದದ್ದು ನಮಗೆ ಗೊತ್ತಾಗಲೇ ಇಲ್ಲ. ದಿನಾ ನೋಡುತ್ತಿದ್ದೆವಲ್ಲ, ಗುತ್ತಲಕ್ಕೆ ಹೋಗುವುದನ್ನೇ ಬಿಟ್ಟಿದ್ದೆವು.

ಪಾಯ ತುಂಬಿದ ಮೇಲೆ ಕಬ್ಬಿಣದ ಕಂಬಗಳು ಎದ್ದವು. ಅಲ್ಲಿಯವರೆಗೆ ಏನೂ ಆಗಲಿಲ್ಲ. ಕಂಬಗಳ ನಡುವೆ ದಪ್ಪನೆಯ ಬಿಳಿ ತಗಡಿನ ಹಲಗೆಗಳನ್ನು ಕೂಡಿಸುತ್ತ ಬಂದಾಗ ಅಂಜಲಿಯ ಕೈಗಳು ನಡುವೆಯೇ ನಿಲ್ಲತೊಡಗಿದವು. ಎತ್ತಿದ ಕೈ ಎತ್ತಿದಲ್ಲೇ, ಅರ್ಧ ತೆರೆದ ಬೆರಳು ಹಾಗೇ. ಅಕ್ಕ ಫೋನನ್ನು ಅಲುಗಾಡಿಸುವಳು, ಸೇರಿನಿಂದ ತೆಗೆದು ಕಿಟಕಿಗೆ ಹಿಡಿಯುವಳು. ಇನ್ನೊಂದು ಸಾಲು ಹಲಗೆ ಏರಿತು, ಚಿತ್ರ ಪೂರ್ತಿ ಹೋಯಿತು. ಒಂದು ಬೂದು ಉಂಗುರ ಮಾತ್ರ ತಿರುಗುತ್ತಿತ್ತು.

ಮಧು ಬಂದು ಮಾಳಿಗೆ ಹತ್ತಿದ. ನಾನೂ ಹತ್ತಿ ನೋಡಿದೆ. ಡಿಶ್ಶಿನ ಎದುರಿಗೆ ಬ್ಯಾಡಗಿ ಇರಲಿಲ್ಲ, ಬರೀ ಬಿಳಿ ಗೋಡೆ ಇತ್ತು.

"ಬ್ಯಾಟ್ರಿ ಮುಂದ ಕಪಾಟ ಇಟ್ಟಂಗ ಆಗೈತ್ರಿ," ಎಂದ.

"ಮತ್ತ ಎತ್ತರಕ್ಕ ಏರ್ಸು."

ಏರಿಸಿದ. ಉದ್ದನೆಯ ಪೈಪು ತಂದು, ತಂತಿ ಬಿಗಿದು, ಡಿಶ್ಶನ್ನು ಅದರ ತುದಿಗೆ ಕಟ್ಟಿದ. ಎರಡು ಸಂಜೆ ಅಂಜಲಿ ಬಂದಳು. ಆಮೇಲೆ ಗಾಳಿ ಬೀಸಿತು, ಪೈಪು ತೂಗಾಡಿತು, ಅವಳು ಬಂದು ಬಂದು ಹೋದಳು. ಅಷ್ಟರಲ್ಲಿ ಗೋಡೆ ಇನ್ನೂ ಒಂದು ಆಳು ಎತ್ತರ ಬೆಳೆಯಿತು. ಬಯಲಿನ ಗಾಳಿಗೆ ಇದಕ್ಕಿಂತ ಉದ್ದದ ಪೈಪು ನಿಲ್ಲುವುದಿಲ್ಲ, ಮುರಿದು ಯಾರ ತಲೆಯ ಮೇಲಾದರೂ ಬೀಳುತ್ತದೆ ಎಂದ ಮಧು.

ರುದ್ರಮುನಿಯವರ ಹತ್ತಿರ ಹೋದೆವು. ಕೂಗಾಡಲು ತಯಾರಾಗಿಯೇ ಹೋಗಿದ್ದೆ, ಆ ಮನುಷ್ಯ ಕೂಗಾಡಲು ಜಾಗವನ್ನೇ ಕೊಡಲಿಲ್ಲ. ಚಹಾ ತರಿಸಿದರು.

"ನನ್ನ ಮಾಡಿನ ಮ್ಯಾಲ ಡಿಶ್ ಕುಂಡ್ರಸ್ರಿ, ಯಾರ ಬ್ಯಾಡ ಅಂತಾರ? ಅಲ್ಲಿಂದ ನಿಮ್ಮ ಮನಿಗೆ ವೈರ ಎಳ್ಕೊರಿ. ಆದ್ರ ಮಾಡು ಇನ್ನೂ ಹಾಕಿಲ್ಲ ನೋಡವಾ. ಕೆಲಸ ಮುಗಿಯೂತನಕ ಹೊರಗಿನವರ್ನ ಮ್ಯಾಲ ಹತ್ತಿಸಂಗಿಲ್ಲ ಅಂತ ಕಾಂಟ್ರಾಕ್ಟರ್ ಕರಾರ ಮಾಡ್ಯಾನ. ಎಳ್ಳಮಾಸಿ ಹೊತ್ತಿಗೆ ಮುಗೀತದ. ಅಲ್ಲೀತನಕ ಸೈಟಿನ ಆಫೀಸ್ನ್ಯಾಗ ವೈಫೈ ಐತಿ, ನಿಮ್ಮಕ್ಕನ್ನ ಅಲ್ಲೇ ಕರ್ಕೊಂಡು ಬಾ. ನಿಮ್ಮನೀನ ಅಂತ ತಿಳಕೋ."

ಇದಕ್ಕಿಂತ ಹೆಚ್ಚಿಗೆ ಯಾರು ಏನು ಹೇಳುತ್ತಾರೆ? ಅವರ ವೈಫೈ ನಮ್ಮ ಮನೆಯವರೆಗೆ ಬರುತ್ತದೇನೋ ಎಂದು ಮಧು ನೋಡಿದ. ಗೋಡೆಯ ಆಚೆ ಫೋನಿನಲ್ಲಿ ಎಲ್ಲ ಗೆರೆ ತುಂಬಿದ್ದವು. ಈಚೆ ಬಂದರೆ ಒಂದೂ ಇಲ್ಲ. ಮೆಣಸಿನಕಾಯಿಗೆ ಬಿಸಿ ತಾಗದಂತೆ ಮಾಡಿದ ಗೋಡೆ, ಅದರೊಳಗಿಂದ ನಮ್ಮ ಪಾಲಿಗೆ ಏನು ಬಂದೀತು!

ಅಕ್ಕನನ್ನು ಸೈಟಿನ ಆಫೀಸಿಗೇ ಕರೆದುಕೊಂಡು ಹೋದೆ. ಅಂಜಲಿ ಫಳಫಳ ಹೊಳೆಯುತ್ತ ಬಂದಳು. ಅಕ್ಕ ಕೈ ಎತ್ತಿದಳು. ಬಾಗಿಲಲ್ಲಿ ನಿಂತಿದ್ದ ಇಬ್ಬರು ಮೇಸ್ತ್ರಿಗಳು ಅವಳ ಕೈ ನೋಡಿದರು, ಒಬ್ಬ ಹಾಗೇ ಮಾಡಿ ತೋರಿಸಿದ, ಇನ್ನೊಬ್ಬ ನಕ್ಕ. ನಾನು ಅವರ ಏಳು ತಲೆಮಾರನ್ನು ಎಣಿಸಿ ಬೈದೆ. ಆದರೆ ಅಕ್ಕನ ಕೈ ಮಡಚಿಕೊಂಡಾಗಿತ್ತು. ಊಟ ಆಯಿತೇ, ಆಯಿತು, ಅಷ್ಟೇ ಹೇಳಿ ಸೆರಗು ಹೊದ್ದು ಎದ್ದಳು. ಅಂಜಲಿ ಇನ್ನೂ ಏನೋ ಹೇಳುತ್ತಿದ್ದಳು. ಮರುದಿನ ಕರೆದರೆ ಬರಲಿಲ್ಲ. ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಗ್ನಲ್ ಚೆನ್ನಾಗಿದೆ, ಅಲ್ಲಿಗಾದರೂ ಹೋಗೋಣ ಎಂದೆ. ಅಲ್ಲಿಯೂ ಕಣ್ಣುಗಳಿವೆ ಎಂದು ತನ್ನೆರಡು ಕಣ್ಣಿಗೆ ಬೆರಳು ಹಚ್ಚಿ ತೋರಿಸಿದಳು.

ಅವಳಿಲ್ಲದೆ ನಾನೊಬ್ಬಳೇ ಹೋಗಿ ಅಂಜಲಿಯ ಎದುರು ಕೂರಲು ನನಗೆ ಮನಸ್ಸಾಗಲಿಲ್ಲ, ಮಾಂತೇಶನಿಗೆ ಫೋನು ಹಚ್ಚತೊಡಗಿದೆ.

"ಆರಾಮ ಅದಾಳ್ರಿ ಚಿಗವ್ವಾರ. ಉಂಡಾಳ, ತಿಂದಾಳ. ಸಂಜೀಕ ಮಾಳಗಿ ಮ್ಯಾಲ ಫೋನ್ ಹಿಡ್ಕೊಂಡು ನಿಂತಿರ್ತಾಳ. ನಿಮ್ಮ ಕಡೀನ ಹತ್ತವಲ್ದು ಅಂತ ಹೇಳಿದ್ರ ತಿಳ್ಕೊಳ್ಳಂಗಿಲ್ರಿ."

ಅಕ್ಕ ಎದುರಿಗೆ ಕೂತು ನನ್ನ ತುಟಿ ನೋಡುತ್ತಿದ್ದಳು. ಫೋನು ಇಟ್ಟ ಕೂಡಲೇ ಏನೆಂದ ಎಂದು ಕೇಳಿದಳು. ಚೆನ್ನಾಗಿದ್ದಾಳಂತೆ ಎಂದೆ. ಅವಳು ತನ್ನ ಮುಖದ ಸುತ್ತ ಬೆರಳು ಆಡಿಸಿದಳು. ಮುಖ ಹೇಗಿತ್ತು ಎಂದು ಅದರ ಅರ್ಥ. ಮಾಂತೇಶ ಫೋನಿನಲ್ಲಿ ಸಿಕ್ಕಿದ್ದ, ಮಗಳ ಮುಖ ಸಿಕ್ಕಿರಲಿಲ್ಲ. ಎದ್ದು ಮಷಿನ್ನಿನ ಮುಂದೆ ಹೋಗಿ ಕೂತೆ. ಅಂಜಲಿಯ ಕುಬುಸಕ್ಕೆಂದು ಹಸಿರು ಖಣ ತಂದಿದ್ದೆ, ಅದನ್ನು ಹೊಲಿಯುತ್ತಿದ್ದೆ.

ಕುಬುಸದ ದಿನ ಗೊತ್ತಾಗಿತ್ತು. ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿ, ಕಳೆದ ಸೋಮವಾರ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಕುಬುಸ, ಐದು ತರಹದ ಬುತ್ತಿ ಹೊತ್ತು ಹೋಗುವುದು ನಮ್ಮಲ್ಲಿ ಮದುವೆಯಷ್ಟೇ ದೊಡ್ಡದು. ದಿನ ಇಟ್ಟ ಮೇಲೆ ತವರಿನವರು ಆ ಬುತ್ತಿ ಹೊತ್ತುಕೊಂಡೇ ಹೊಸ್ತಿಲು ದಾಟಬೇಕು. ಅದಕ್ಕೆ ಮೊದಲು ಬರಿಗೈಯಲ್ಲಿ ಹೋದರೆ ಬಸುರಿಗೆ ಒಳ್ಳೆಯದಲ್ಲ ಎನ್ನುವುದು ನಮ್ಮ ಮನೆತನದ ನಂಬಿಕೆ.

ಸುಮ್ಮನೆ ಕೂರಲಾಗದೆ ಅಕ್ಕ, ಮಾವ, ನಾನು ಮೂವರೂ ರಾಣೆಬೆನ್ನೂರಿನ ಕಂಪನಿ ಆಫೀಸಿಗೆ ಹೋದೆವು. ಅಲ್ಲಿಯ ಮ್ಯಾನೇಜರ್ ಕಂಪ್ಯೂಟರಿನಲ್ಲಿ ನಮ್ಮ ಮನೆ ತೋರಿಸಿದ, ಬ್ಯಾಡಗಿಯ ಟವರ್ ತೋರಿಸಿದ, ಎರಡರ ನಡುವೆ ಒಂದು ಕೆಂಪು ಗೆರೆ ಎಳೆದ. ಅಕ್ಕ ಗೆರೆಯ ಮೇಲೆ ಬೆರಳಿಟ್ಟು, ಇದನ್ನು ಸ್ವಲ್ಪ ಬಗ್ಗಿಸಲು ಆಗುವುದಿಲ್ಲವೇ ಎಂದು ಬೆರಳನ್ನು ಬಳಸಿ ತೋರಿಸಿದಳು. ಅವಳು ಕೇಳಿದ್ದನ್ನು ನಾನು ಹೇಳಿದೆ. ಮ್ಯಾನೇಜರ್ ನಗಲಿಲ್ಲ, ಅದೊಂದು ಪುಣ್ಯ.

"ಇದು ಬಗ್ಗಂಗಿಲ್ರಿ ಯವ್ವಾ. ನೆಟ್ಟಗ ಹೋಗೂದ ಇದಕ್ಕ ಗೊತ್ತು. ಅವರ ಮಾಡು ಮುಗೀಲಿ, ಮರುದಿನಾನ ಮಧೂನ ಕಳಸ್ತೇನಿ."

ಹೊರಗೆ ಬಂದು ಬಸ್‌ಸ್ಟ್ಯಾಂಡಿಗೆ ನಡೆದೆವು. ಬ್ಯಾಡಗಿಯ ಬಸ್ಸಿನ ಪಕ್ಕದಲ್ಲೇ ಇನ್ನೊಂದು ಬಸ್ಸು ನಿಂತಿತ್ತು. ಕಂಡಕ್ಟರ್ ಗುತ್ತಲ, ಗುತ್ತಲ ಎಂದು ಕೂಗುತ್ತಿದ್ದ. ಅಕ್ಕನಿಗೆ ಕೂಗು ಕೇಳದು, ಬೋರ್ಡು ಓದಲು ಬಾರದು. ಆದರೆ ಮದುವೆಯಲ್ಲಿ ನೋಡಿದ್ದ ಗುತ್ತಲದ ಹೆಂಗಸೊಬ್ಬಳು ಕಿಟಕಿಯಲ್ಲಿ ಕೂತಿದ್ದನ್ನು ಗುರುತು ಹಿಡಿದಳು. ಮಾವನ ತೋಳು ಹಿಡಿದು ಎಳೆದಳು. ಎರಡೂ ಮುಷ್ಟಿ ಹಿಡಿದು ಸ್ಟೇರಿಂಗ್ ತಿರುಗಿಸಿದಳು. ಆ ಬಸ್ಸು ತೋರಿಸಿ ಮತ್ತೆ ತಿರುಗಿಸಿದಳು.

"ಹುಚ್ಚಿ ಇದ್ದಿ ಏನು? ದಿನಾ ಇಟ್ಟೈತಿ. ಬರೀಗೈಲೆ ಹೋಗಿ ಹೊಸ್ತಿಲಾ ತುಳದ್ರ ಬೀಗರು ಏನಂದಾರು? ನಾಳೆ ಕೂಸಿಗೆ ಏನರೆ ಆದ್ರ?" ಎಂದ ಮಾವ. ಆಮೇಲೆ ನನಗೆ, "ಹೇಳವಾ ನಿಮ್ಮಕ್ಕಗ. ಇಷ್ಟ ದಿನ ತಡದೈತಿ, ಇನ್ನೊಂದೀಟು ತಡೀಲಿ. ಡಿಶ್ ಬರ್ತೈತಿ."

ಅವನ ಮಾತು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಸರಿ ಎನ್ನುವಂಥದ್ದೇ. ನನಗೂ ತಪ್ಪೆನಿಸಲಿಲ್ಲ. ಸನ್ನೆ ಮಾಡಿ ಹೇಳಿದೆ. ಅಕ್ಕ ಮುಷ್ಟಿ ಬಿಚ್ಚಿ ಬ್ಯಾಡಗಿಯ ಬಸ್ಸು ಹತ್ತಿದಳು.

ಎಳ್ಳಮಾಸಿಯ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆವು. ಕೋಲ್ಡ್ ಸ್ಟೋರೇಜಿಗೆ ಮಾಡು ಬಿತ್ತು. ಮರುದಿನ ಬೆಳಿಗ್ಗೆಯೇ ಮಧು ಬಂದ. ಅವನು ಏಣಿ ಇಳಿಸುತ್ತಿದ್ದಾಗ ನನ್ನ ಫೋನು ರಿಂಗಾಯಿತು. ಮಾಂತೇಶ ಹಾವೇರಿಯ ಆಸ್ಪತ್ರೆಯಲ್ಲಿದ್ದ.

"ಲಗೂನ ಬರ್ರಿ ಚಿಗವ್ವಾರ," ಎಂದ. ಅಷ್ಟೇ ಹೇಳಿ ಫೋನು ಇಟ್ಟ.

ಆಸ್ಪತ್ರೆಯ ಬಾಗಿಲಲ್ಲೇ ಕರೆವ್ವ ನನ್ನ ಕೊರಳಿಗೆ ಬಿದ್ದಳು. ಕೂಸು ಉಳಿಯಲಿಲ್ಲ. ಆರನೆಯ ತಿಂಗಳು.

"ಹೊಟ್ಟಿ ಹಿಡ್ಕೊಂಡು ಏನೇನೋ ಕೈ ಮಾಡ್ತಿದ್ಲವಾ. ಅಜೀರ್ಣ ಇರಬೇಕಂತ ಓಂಕಾಳಿನ ನೀರು ಕುಡಿಸೇನಿ. ಬಸುರ್ಯಾಗ ಇರೂದ ಅಂತ ಬೆನ್ನ ತಿಕ್ಕೇನಿ. ನನಗೇನ ತಿಳೀಬೇಕವಾ ಅಕಿ ಕೈ? ಮತ್ತ ಮತ್ತ ಮಾಳಗಿ ಹತ್ತಿ ಫೋನ್ ಹಿಡ್ಕೊಂಡು ನಿಲ್ತಿದ್ಲು. ಇಳಿ ಅಂದ್ರ ಇಳೀಲಿಲ್ಲ. ರಕ್ತ ಹೋದಾಗ ಓಡಿ ಬಂದೇವಿ."

ಅವಳ ಕೈ ಬಿಡಿಸಿ ಬೆಂಚಿನ ಮೇಲೆ ಕೂರಿಸಿದೆ. ಅಂಜಲಿಯ ಕೈ ಏನು ಹೇಳಿದ್ದೀತು ಎಂದು ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಾಗುತ್ತಿತ್ತು. ಒಂದು ಸಲ ನೋಡಿದ್ದರೆ ಸಾಕಿತ್ತು. ಅಷ್ಟರಲ್ಲಿ ನನ್ನ ಫೋನು ಮತ್ತೆ ರಿಂಗಾಯಿತು.

"ನೀಲಕ್ಕಾರ, ಮಾಡಿನ ಮ್ಯಾಲ ಡಿಶ್ ಕುಂಡ್ರಸೇನ್ರಿ. ಬ್ಯಾಡಗಿ ಟವರ್ ಕೈಯಾಗ ಹಿಡದಂಗ ಕಾಣ್ತೈತಿ. ಸಿಗ್ನಲ್ ಫುಲ್! ಅಂಜಲೆವ್ವಗ ಒಂದ ಫೋನ್ ಹಚ್ಚಿ ನೋಡೂಣೇನ್ರಿ?" ಮಧುವಿನ ಧ್ವನಿಯಲ್ಲಿ ಬಹಳ ಖುಷಿ ಇತ್ತು. ಬೇಡಪ್ಪ ಎಂದು ಹೇಳಿ ಇಟ್ಟೆ.

ಒಳಗೆ ಹೋದೆವು. ಅಂಜಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ಕೈಗೆ ಸಲೈನ್ ಚುಚ್ಚಿ ಪಟ್ಟಿ ಕಟ್ಟಿದ್ದರು. ಅಕ್ಕ ಭುಜ ಮುಟ್ಟಿದಾಗ ಹೊರಳಿದಳು. ತಾಯಿಯನ್ನು ನೋಡಿದಳು, ಅಳಲಿಲ್ಲ. ಚುಚ್ಚದ ಕೈಯನ್ನು ಕನ್ನಡಿಯ ಹಾಗೆ ಮುಖದ ಮುಂದೆ ಹಿಡಿದಳು. ಇಳಿಸಿದಳು, ಮತ್ತೆ ಹಿಡಿದಳು, ಮತ್ತೆ ಹಿಡಿದಳು. ಎಷ್ಟು ಸಲ ಕರೆದೆ, ಯಾಕೆ ಬರಲಿಲ್ಲ?

ಅಕ್ಕ ತನ್ನ ಅಂಗೈಯನ್ನು ಇಬ್ಬರ ಮುಖದ ನಡುವೆ ಅಡ್ಡ ಹಿಡಿದಳು. ಗೋಡೆ. ಆಮೇಲೆ ಅವಳ ಕೈಗಳು ನಿಲ್ಲಲೇ ಇಲ್ಲ. ಮಾಳಿಗೆಯ ಮೇಲಿನ ದುಂಡನೆಯ ಡಿಶ್ಶು, ಅದಕ್ಕೆ ಕಟ್ಟಿದ ಪೈಪು, ಪೈಪು ತೂಗಾಡಿದ್ದು, ಚಹಾ ಕೊಟ್ಟ ಸಾಹುಕಾರ, ನಕ್ಕ ಮೇಸ್ತ್ರಿ, ಬಗ್ಗದ ಕೆಂಪು ಗೆರೆ, ಎಲ್ಲವನ್ನೂ ಹೇಳಿದಳು. ಪಕ್ಕದ ಹಾಸಿಗೆಯವರು ಎದ್ದು ಕೂತು ನೋಡಿದರು. ನರ್ಸು ಕೈಯಲ್ಲಿ ತಟ್ಟೆ ಹಿಡಿದುಕೊಂಡು ನಿಂತುಬಿಟ್ಟಳು. ಅಷ್ಟು ಕಣ್ಣುಗಳ ಎದುರು ಅಕ್ಕ ಈ ಸಲ ಕೈ ಮಡಚಲಿಲ್ಲ. ಏನೆಲ್ಲ ಮಾಡಿದೆವು, ಎಲ್ಲೆಲ್ಲ ಅಲೆದೆವು, ಎಷ್ಟು ಜನರ ಕಾಲು ಹಿಡಿದೆವು ಎಂದು ಹೇಳುತ್ತಲೇ ಹೋದಳು.

ಅಂಜಲಿ ಪೂರ್ತಿ ನೋಡಿದಳು. ತಾಯಿಯ ಕೈ ದಣಿದು ನಿಂತಾಗ, ತನ್ನ ಒಂದು ಕೈಯನ್ನು ಹೊದಿಕೆಯಿಂದ ಎತ್ತಿದಳು. ಮುಷ್ಟಿ ಹಿಡಿದಳು. ಇನ್ನೊಂದು ಕೈಗೆ ಸೂಜಿ ಇತ್ತು, ಅದಕ್ಕೇ ಒಂದೇ ಮುಷ್ಟಿಯಲ್ಲಿ ಸ್ಟೇರಿಂಗ್ ತಿರುಗಿಸಿದಳು.

ಬಸ್ಸು ಇರಲಿಲ್ಲವೇ?

ಅಕ್ಕನ ಕೈಗಳು ಮಡಿಲಿಗೆ ಬಿದ್ದವು. ತಿರುಗಿ ಗಂಡನನ್ನು ನೋಡಿದಳು, ಅವನು ನೆಲ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದಳು. ಹೇಳಲು ತಿಳಿಯದಾಗಲೆಲ್ಲ ಅವಳು ನನ್ನನ್ನು ನೋಡುವುದು ಚಿಕ್ಕಂದಿನ ಅಭ್ಯಾಸ, ಅವಳ ಬದಲು ನಾನು ಹೇಳಿಕೊಡುತ್ತೇನೆ. ನನ್ನ ಕಂಕುಳಲ್ಲಿ ಹಸಿರು ಕುಬುಸದ ಚೀಲವಿತ್ತು, ಮನೆಯಿಂದ ಓಡಿ ಬರುವಾಗ ಯಾಕೆ ಎತ್ತಿಕೊಂಡು ಬಂದೆನೋ ಗೊತ್ತಿಲ್ಲ. ಅಂಜಲಿಯ ಮುಷ್ಟಿ ಇನ್ನೂ ಹಾಗೇ ಇತ್ತು.